ಒಂಬತ್ತನೇ ಚಿಪ್ ಹುಡುಕಿದ ಚಳಿಗಾಲ

ನವೆಂಬರ್ 24, ಭಾನುವಾರ, ಬೆಳಿಗ್ಗೆ 9.40. ಪುಟ್ಟೇನಹಳ್ಳಿ ಕೆರೆಯ ಗೇಟಿನ ಒಳಗೆ, ಕಲ್ಲುಬೆಂಚಿನ ಹತ್ತಿರ. ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಮೂರೇ ಸಾಲು: "ತಾತ ಎದ್ದು ಹೋದ. ಚಪ್ಪಲಿ ಬಿಟ್ಟು ಹೋದ. ತಪ್ಪು ನನ್ನದಲ್ಲ."

ಮೂರನೆಯ ಸಾಲನ್ನು ನಾಲ್ಕು ದಿನದ ಮೇಲೆ ಹೊಡೆದುಹಾಕಿದ್ದೇನೆ.

ಈ ವಾರ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಸ್ಸಿಳಿದಾಗ ಫುಟ್‌ಪಾತಿನ ಮೇಲೆ ಅವರೆಕಾಯಿ ರಾಶಿ ಬಿದ್ದಿತ್ತು. ಆ ಸೊಗಡು ಮೂಗಿಗೆ ಬಡಿದರೆ ಬೇರೆಯವರಿಗೆ ಸಾರು ನೆನಪಾಗುತ್ತದೆ. ನನಗೆ ನೆನಪಾದದ್ದು ಮದರ್‌ಬೋರ್ಡ್. ಹೋದ ಚಳಿಗಾಲದ ಆರು ವಾರ ನಾನು ಮತ್ತು ನನ್ನ ಚಿಕ್ಕತಾತ ಗಂಗಪ್ಪ, ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಮೆಮೊರಿ ಹಾಕಬಹುದಾದ ಒಂದು ಮದರ್‌ಬೋರ್ಡಿಗಾಗಿ ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ., ಬನಶಂಕರಿ ಸುತ್ತಿದೆವು. ಹತ್ತಿದ ಅಂಗಡಿ 23. ಜಗಳ 4. ಅದರಲ್ಲಿ ತಾತ ಗೆದ್ದದ್ದು 4.

ಗಂಗಪ್ಪ ನನ್ನ ತಾತನ ತಮ್ಮ. ನಮ್ಮವರ ರಾಗಿ ಹೊಲ ಒಂದು ಕಾಲದಲ್ಲಿ ಈ ಕೆರೆಯ ಏರಿಗೆ ತಾಗಿಕೊಂಡಿತ್ತಂತೆ. ಈಗ ಹೊಲದ ಜಾಗದಲ್ಲಿ ಮೂರು ಬಾಡಿಗೆ ಮನೆ ಇವೆ. ಹೊಲ ಹೋದರೂ ಬೆಳಿಗ್ಗೆ ಆರಕ್ಕೆ ಏಳುವ ಅಭ್ಯಾಸ ಹೋಗಲಿಲ್ಲವಾದ್ದರಿಂದ ತಾತ ಪ್ರತಿ ಭಾನುವಾರ ಕೆರೆಯ ಹಕ್ಕಿ ಎಣಿಸುತ್ತಾನೆ. ಎಣಿಸುವ ರೀತಿ ಅವನದೇ. ಕಾಗದವಿಲ್ಲ, ಪೆನ್ನಿಲ್ಲ. ಎರಡು ಜೇಬಿನ ಬಿಳಿ ಅಂಗಿ, ಹೆಗಲಿಗೊಂದು ಬಟ್ಟೆ ಚೀಲ, ಚೀಲದ ತುಂಬ ಕಾಳು. ಹೆಜ್ಜಾರ್ಲೆಗೆ ಹೊಂಗೆ ಬೀಜ, ನೀರುಕಾಗೆಗೆ ಹುಣಸೆ ಬೀಜ, ಗುಳುಮುಳುಕಕ್ಕೆ ಕಡಲೆ, ಬೆಳ್ಳಕ್ಕಿಗೆ ಹೆಸರುಕಾಳು, ಮಿಂಚುಳ್ಳಿಗೆ ಮೆಣಸು, ಬಣ್ಣದ ಕೊಕ್ಕರೆಗೆ ಅವರೆಕಾಳು. ಒಂದು ಹಕ್ಕಿಗೆ ಒಂದು ಕಾಳು. ಮೊದಲ ಸುತ್ತಿನ ಕಾಳು ಎಡ ಜೇಬಿಗೆ, ಎರಡನೇ ಸುತ್ತಿನದು ಬಲ ಜೇಬಿಗೆ. ಕೊನೆಗೆ ಕಲ್ಲುಬೆಂಚಿನ ಮೇಲೆ ಎರಡನ್ನೂ ಸುರಿದು ಹೊಂದಿಸುತ್ತಾನೆ. ಹೊಂದದಿದ್ದರೆ ಮೂರನೇ ಸುತ್ತು. ಆಮೇಲೆ ನನಗೆ ಫೋನು. ಅವನು ಹೇಳುತ್ತಾನೆ, ನಾನು ಕಂಪ್ಯೂಟರಿಗೆ ಹಾಕುತ್ತೇನೆ, ಹಾಕಿದ್ದನ್ನು ಓದಿ ಹೇಳುತ್ತೇನೆ, ಅವನು "ಹೂಂ" ಅನ್ನುತ್ತಾನೆ. ನಾನು ಕಣ್ಣಿನ ಕ್ಲಿನಿಕ್ಕಿನಲ್ಲಿ ಟೋಕನ್ ಕೊಟ್ಟು ಹೆಸರು ಕೂಗುವ ಕೆಲಸದವಳು. ಓದಿ ಹೇಳದೆ ಏನನ್ನೂ ಮುಂದಕ್ಕೆ ಕಳಿಸುವವಳಲ್ಲ.

ಅದಕ್ಕೇ ಆ ಭಾನುವಾರ ನನಗೆ ಅಷ್ಟು ಧೈರ್ಯವಿತ್ತು.

ಕೆರೆ ನೋಡಿಕೊಳ್ಳುವ ನಮ್ಮ ಗುಂಪಿಗೆ ಪ್ರಭಾಕರ್ ಅಂಕಲ್ ಹಿರಿಯರು. ರಿಟೈರ್ ಆದ ಆಡಿಟರ್. ಜನವರಿ 26ರಂದು ಬಾವುಟ ಹಾರಿಸಿದ ಮೇಲೆ ಕೆರೆಯ ಗೇಟಿನಲ್ಲಿ ಒಂದು ದೊಡ್ಡ ಫಲಕ ನಿಲ್ಲಿಸುವುದೆಂದು ಗೊತ್ತಾಗಿತ್ತು: ಆರು ಹಕ್ಕಿ, ಐವತ್ತೆರಡು ಭಾನುವಾರ, ಕೆಳಗೆ ಎಣಿಸಿದವರ ಹೆಸರು. ತಾತನ ಹೆಸರು ರೇಷನ್ ಕಾರ್ಡು ಬಿಟ್ಟರೆ ಬೇರೆಲ್ಲೂ ಬರೆದದ್ದಿಲ್ಲ. ಅವನು ಒಂದು ತಿಂಗಳಿಂದ ಫಲಕದ ಬಣ್ಣ ಯಾವುದಿರಬೇಕೆಂದು ಯೋಚಿಸುತ್ತಿದ್ದ.

ಅಂಕಲ್ ನಾನು ಕೊಟ್ಟ ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು, "ಗಂಗಪ್ಪನವರೇ, ಅಕ್ಟೋಬರ್ 20ನೇ ತಾರೀಕು ಹೆಜ್ಜಾರ್ಲೆ ಒಂಬತ್ತಾ?"

"ಒಂದು."

"ಇಲ್ಲಿ ಒಂಬತ್ತು ಅಂತಿದೆ."

"ಅಲ್ಲಿ ಏನಾದ್ರೂ ಇರ್ಲಿ ಸಾರ್. ಕೆರೇಲಿ ಒಂದಿತ್ತು."

ಕ್ಯಾಮೆರಾ ನೇತುಹಾಕಿಕೊಂಡಿದ್ದ ಒಬ್ಬರು, "ಅವತ್ತು ನಾನೂ ಇದ್ದೆ, ಒಂದೇ ಇತ್ತು, ಫೋಟೋ ಇದೆ" ಅಂದರು. ಹಿಂದಿನಿಂದ ಯಾರೋ, "ವಯಸ್ಸಾಯ್ತಲ್ಲ, ಡಬಲ್ ಕಾಣುತ್ತೆ" ಅಂದರು.

"ಡಬಲ್ ಕಂಡ್ರೆ ಎರಡಾಗ್ಬೇಕು ಕಣಪ್ಪ, ಒಂಬತ್ತು ಹೆಂಗಾಗುತ್ತೆ?" ಅಂದ ತಾತ. ಎಲ್ಲರೂ ನಕ್ಕರು. ತಾತನೂ ನಕ್ಕು ನನ್ನ ಕಡೆ ತಿರುಗಿ, "ನೀನೇ ಹೇಳು ಪವಿ" ಅಂದ.

ನಾನು ಹೇಳಿದೆ. "ಓದಿ ಹೇಳಿದ್ದೆನಲ್ಲ ತಾತ. ನೀನು ಹೂಂ ಅಂದಿದ್ದೆ. ಮರ್ತಿರ್ತೀಯ."

ನಗು ಅಲ್ಲಿಗೆ ನಿಂತಿತು. ಪ್ರಭಾಕರ್ ಅಂಕಲ್ ಮೆಲ್ಲಗೆ, "ಒಂದು ಕಡೆ ತಪ್ಪು ಸಿಕ್ಕಿದ್ರೆ ಇಡೀ ಪುಸ್ತಕಾನೇ ಅನುಮಾನ ಆಗುತ್ತೆ. ಇತ್ಯರ್ಥ ಆಗ್ದಿದ್ರೆ ಈ ಪಟ್ಟಿ ಫಲಕಕ್ಕೆ ಹಾಕಕ್ಕಾಗಲ್ಲ" ಅಂದರು. ತಾತ ಎದ್ದು ಬರಿಗಾಲಲ್ಲಿ ಹೊರಟ. ನಾನು ಚಪ್ಪಲಿ ಹಿಡಿದು ಹಿಂದೆ ಹೋದರೆ ಬಾಗಿಲಲ್ಲಿ ಚಿಕ್ಕಜ್ಜಿ ಸಿಕ್ಕಿ, "ಅಲ್ಲಿಡು. ಅವರು ಮಾತಾಡೋ ಹಂಗಿಲ್ಲ" ಅಂದಳು.

ಮೂರು ದಿನ ನಾನು ನನ್ನ ಪಟ್ಟಿಯನ್ನೇ ನಂಬಿಕೊಂಡಿದ್ದೆ. ನಾಲ್ಕನೇ ದಿನ, ಗುರುವಾರ, ಊಟದ ಹೊತ್ತಿನಲ್ಲಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುವಾಗ ಆಗಸ್ಟಿನಲ್ಲಿ ಒಂದು ಕಡೆ ಕೊಕ್ಕರೆ ಇರಬೇಕಾದಲ್ಲಿ 'ಝೊಕ್ಕರೆ' ಅಂತಿರುವುದು ಕಂಡಿತು. ಆ ಹೆಸರಿನ ಹಕ್ಕಿ ಇಲ್ಲ. ನಾನು ಅದನ್ನು ಟೈಪ್ ಮಾಡಿರಲೂ ಇಲ್ಲ. ಓದಿ ಹೇಳುವಾಗ ಅಂಥದು ಬಾಯಿಗೆ ಬಂದಿದ್ದರೆ ನಾಲಿಗೆಯೇ ನಿಲ್ಲುತ್ತಿತ್ತು. ಅಂದರೆ ನಾನು ಮುಚ್ಚಿಟ್ಟ ಮೇಲೆ ಪಟ್ಟಿ ತಾನಾಗಿ ಬದಲಾಗಿದೆ.

ಬಿ.ಟಿ.ಎಂ. ಲೇಔಟಿನ ನವೀನ ನನ್ನ ಕಾಲೇಜಿನ ಗೆಳೆಯ. ಮನೆಯ ಮುಂದಿನ ಗ್ಯಾರೇಜಿನಲ್ಲೇ ಕಂಪ್ಯೂಟರ್ ಜೋಡಿಸಿ ಕೊಡುತ್ತಾನೆ. ನನ್ನ ಕಂಪ್ಯೂಟರ್ ಡಬ್ಬವನ್ನು ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದೆ. ಅವನು ಮೆಮೊರಿ ಪರೀಕ್ಷೆ ಹಚ್ಚಿ ಟೀ ತರಲು ಹೋದ. ಬರುವಷ್ಟರಲ್ಲಿ ಪರದೆಯ ತುಂಬ ಕೆಂಪು ಗೆರೆ.

"ಮಗಾ, ನಿನ್ ರ‍್ಯಾಮ್‌ಗೆ ಅರಳುಮರಳು" ಅಂದ.

ಅವನು ಬಿಡಿಸಿ ಹೇಳಿದ್ದು ಇಷ್ಟು. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಪ್ರತಿ ಅಂಕಿಯನ್ನೂ ಎಂಟು ದೀಪಗಳ ಸಾಲಾಗಿ ಇಟ್ಟುಕೊಳ್ಳುತ್ತದೆ, ಕೆಲವು ಹತ್ತಿರುತ್ತವೆ, ಕೆಲವು ಆರಿರುತ್ತವೆ. 1ಕ್ಕೂ 9ಕ್ಕೂ ನಡುವೆ ಇರುವುದು ಒಂದೇ ದೀಪದ ವ್ಯತ್ಯಾಸ. ನನ್ನ ಮೆಮೊರಿಯಲ್ಲಿ ಒಂದು ಜಾಗದ ದೀಪ ಆರಿಸಿದರೂ ಆರುತ್ತಿರಲಿಲ್ಲ. ಫೈಲನ್ನು ತೆಗೆದು ಮತ್ತೆ ಉಳಿಸುವಾಗ ಯಾವ ಅಂಕಿ ಆ ಜಾಗದಲ್ಲಿ ಕೂರುತ್ತದೋ ಅದು ಬದಲಾಗಿ ಎದ್ದು ಬರುತ್ತದೆ. ಕೊಕ್ಕರೆಯನ್ನು ಕೆಡಿಸಿದ್ದೂ ಅದೇ ದೀಪ.

"ಇದು ಗೊತ್ತೇ ಆಗಲ್ವಾ ಅದಕ್ಕೆ?"

"ಮಾಮೂಲಿ ರ‍್ಯಾಮ್‌ಗೆ ಗೊತ್ತಾಗಲ್ಲ. ಇಸಿಸಿ ಅಂತ ಬರುತ್ತೆ. ಮಾಮೂಲೀಲಿ ಎಂಟು ಚಿಪ್ ಇದ್ರೆ ಅದ್ರಲ್ಲಿ ಒಂಬತ್ತು. ಒಂಬತ್ತನೇದು ಉಳಿದವ್ರನ್ನ ಕಾಯ್ತಿರುತ್ತೆ. ಒಬ್ಬ ತಪ್ಪಿದ್ರೆ ಹಿಡಿದು ಸರಿ ಮಾಡುತ್ತೆ."

ನಾನು ಅಲ್ಲಿಂದ ನೇರ ತಾತನ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ತಪ್ಪು ಒಪ್ಪಿಕೊಂಡೆ. ಎಂಟು ದೀಪದ ಕಥೆಯನ್ನೂ ಹೇಳಿದೆ. ತಾತ ಗೋಡೆ ನೋಡಿಕೊಂಡು ಕೇಳಿದ. ಒಂಬತ್ತನೇ ಚಿಪ್ ಅಂದಾಗ ಮಾತ್ರ ತಿರುಗಿದ.

"ಅಂದ್ರೆ ನನ್ನ ಬಲ ಜೇಬು."

"ಹೂಂ ತಾತ. ಸುಮಾರಾಗಿ ಹಂಗೇ."

"ನಿನ್ನ ಯಂತ್ರಕ್ಕೆ ಒಂದೇ ಜೇಬಿತ್ತು. ಒಂದು ಜೇಬಿನವನ ಮಾತು ಕೇಳ್ಕೊಂಡು ಎರಡು ಜೇಬಿನವನ್ನ ಸುಳ್ಳ ಅಂದೆ."

ತಾತನ ತೀರ್ಮಾನ ಹೀಗಿತ್ತು: ಭಾನುವಾರದ ಎಣಿಕೆ ನಿಲ್ಲುವುದಿಲ್ಲ. ಆದರೆ ಒಂಬತ್ತನೆಯವನಿರುವ ಯಂತ್ರ ಬರುವ ತನಕ ಒಂದು ಅಂಕಿಯನ್ನೂ ಯಾರಿಗೂ ಹೇಳುವುದಿಲ್ಲ. ಕಾಳನ್ನು ಪೊಟ್ಟಣ ಕಟ್ಟಿ ಅಡುಗೆಮನೆಯ ಅಟ್ಟದ ಮೇಲಿಡುತ್ತಾನೆ. ಪ್ರಭಾಕರ್ ಅಂಕಲ್‌ಗೆ ಹೇಳಿದೆ. "ಒಳ್ಳೇದೇ. ಜನವರಿ 25ರೊಳಗೆ ಯಂತ್ರಾನೂ ತೋರಿಸಿ, ಲೆಕ್ಕಾನೂ ಕೊಡಿ" ಅಂದರು.

ಒಂದು ಮದರ್‌ಬೋರ್ಡ್ ತಾನೇ, ಎರಡು ಶನಿವಾರದ ಕೆಲಸ ಅಂದುಕೊಂಡೆ.

ನವೀನ ಮೊದಲೇ ಎಚ್ಚರಿಸಿದ್ದ. "ಮೂರು ಜನ ಒಪ್ಪಬೇಕು ಮಗಾ. ಪ್ರೊಸೆಸರ್ ಒಪ್ಪಬೇಕು, ರ‍್ಯಾಮ್ ಒಪ್ಪಬೇಕು, ಮಧ್ಯದಲ್ಲಿ ಬೋರ್ಡ್ ಒಪ್ಪಬೇಕು. ಗಂಡು ಹೆಣ್ಣು ಸಿಗ್ತಾರೆ. ಛತ್ರ ಸಿಗೋದೇ ಕಷ್ಟ." ಸರ್ವರ್ ಅನ್ನುವ, ಕಂಪನಿಗಳ ದೊಡ್ಡ ಯಂತ್ರಗಳಲ್ಲಿ ಇದು ಮಾಮೂಲಂತೆ. ಮನೆಯಲ್ಲಿಡುವ ಡೆಸ್ಕ್‌ಟಾಪ್ ಬೋರ್ಡ್ ಮಾಡುವವರಿಗೆ ಮಾತ್ರ ಮನೆಯವರ ಲೆಕ್ಕ ತಪ್ಪಿದರೆ ಏನು ಮಹಾ ಅನ್ನುವ ಧೋರಣೆ. ಒಂದು ಜಾತಿಯ ಪ್ರೊಸೆಸರ್‌ಗೆ ಬೇರೆಯೇ ವರ್ಗದ ಬೋರ್ಡ್ ಬೇಕು. ಇನ್ನೊಂದು ಜಾತಿಯದು ಒಪ್ಪುತ್ತದೆ, ಆದರೆ ಬೋರ್ಡ್ ಮಾಡಿದವರು ಒಂಬತ್ತನೇ ಚಿಪ್ಪಿಗೂ ತಂತಿ ಎಳೆದಿದ್ದರೆ ಮಾತ್ರ.

ನವೆಂಬರ್ 30, ಶನಿವಾರ. ಕ್ಲಿನಿಕ್ ಒಂದಕ್ಕೆ ಮುಚ್ಚಿತು. ಹೊರಗೆ ಬಂದರೆ ಮೆಟ್ಟಿಲ ಮೇಲೆ ತಾತ ಕೂತಿದ್ದ, ಇಸ್ತ್ರಿ ಮಾಡಿದ ಅಂಗಿ, ಎರಡೂ ಜೇಬು ಖಾಲಿ.

"ನಾನೂ ಬರ್ತೀನಿ. ನೀನು ಎಣಿಸಿದ್ದು ನಂಬಕ್ಕಾಗಲ್ಲ."

ಮೊದಲ ಅಂಗಡಿಯವನು ಇಸಿಸಿ ಎಂದ ಕೂಡಲೇ, "ಇದೆ ಮೇಡಂ, ಲೈಟ್ ಕೂಡ ಬರುತ್ತೆ" ಅಂದ.

"ಲೈಟ್ ಯಾಕಪ್ಪ? ಡಬ್ಬದೊಳಗೆ ಯಾರು ಓದ್ಕೋತಾರೆ?" ಅಂದ ತಾತ. ಅಂಗೈ ಉದ್ದದ ಮೆಮೊರಿ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಕಿರುಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದ. "ಎಂಟು. ಇನ್ನೊಂದೆಲ್ಲಿ?"

"ಯಾವ ಇನ್ನೊಂದು ಅಂಕಲ್?"

"ಒಂಬತ್ತನೇದು."

"ಕಂಪನಿಯವ್ರು ಎಂಟೇ ಕೊಡೋದು ಅಂಕಲ್."

"ಕಂಪನಿಯವ್ರು ಎಂಟು ಕೊಟ್ರೆ ನೀನು ಇದೆ ಅಂತ ಯಾಕಂದೆ?" ಮೊದಲ ಜಗಳ ಅದು. ಅಂಗಡಿಯವನು ಕೊನೆಗೆ ನಮ್ಮಿಬ್ಬರಿಗೂ ಕಾಫಿ ತರಿಸಿದ.

ಎರಡನೇ ಅಂಗಡಿಯ ಮೆಮೊರಿಗೆ ಬಣ್ಣದ ತಗಡಿನ ಹೊದಿಕೆ ಇತ್ತು. "ಇದ್ರ ಕಂಬಳಿ ತೆಗಿ" ಅಂದ ತಾತ. ತೆಗೆದರೆ ವಾರಂಟಿ ಹೋಗುತ್ತದೆ ಅಂದರು. "ಕಂಬಳಿ ಹೊದ್ದವನ ಸಾಕ್ಷಿ ನಡೆಯಲ್ಲ" ಎಂದು ಎದ್ದುಬಂದ. ಮೂರನೇ ಶನಿವಾರದ ಹೊತ್ತಿಗೆ ಆ ಬೀದಿಯಲ್ಲಿ ನಮಗೆ ಹೆಸರು ಬಂದಿತ್ತು. ದೂರದಿಂದ ಕಂಡರೇ, "ಗುರು, ಎಣಿಸೋ ಅಂಕಲ್ ಬಂದ್ರು" ಎಂದು ಒಳಗೆ ಕೂಗುತ್ತಿದ್ದರು.

ಡಿಸೆಂಬರ್ 14ರ ಹೊತ್ತಿಗೆ ಹತ್ತಿದ ಅಂಗಡಿ 13. ಇಲ್ಲ ಎಂದು ನೇರವಾಗಿ ಹೇಳಿದವರು 4. ಇದೆ ಎಂದು ಹೇಳಿ ತಾತನ ಬೆರಳಿಗೆ ಸಿಕ್ಕಿಬಿದ್ದವರು 6. ಲ್ಯಾಪ್‌ಟಾಪ್ ತಗೊಳ್ಳಿ ಎಂದವರು 2. "ತರಿಸಿ ಕೊಡ್ತೀನಿ, ಎರಡು ತಿಂಗಳಾಗುತ್ತೆ" ಎಂದವನು 1. ಎರಡು ತಿಂಗಳು ಕಾದರೆ ಬೋರ್ಡ್ ಬರುವ ಹೊತ್ತಿಗೆ ಫಲಕದ ಬಣ್ಣ ಒಣಗಿ ಹಕ್ಕಿ ಅದರ ಮೇಲೆ ಕೂತಿರುತ್ತಿತ್ತು.

ಅಂಗಡಿಯವರನ್ನು ನಂಬುವುದು ಬೇಡವೆಂದು ಬೋರ್ಡುಗಳ ಕೈಪಿಡಿಗಳನ್ನೇ ಇಳಿಸಿಕೊಂಡು ಓದಿದೆ. ಓದಿದ್ದು 34. ಇಸಿಸಿಯ ಸುದ್ದಿಯೇ ಎತ್ತದವು 11. ಇಸಿಸಿ ನಿಜಕ್ಕೂ ಕೆಲಸ ಮಾಡುತ್ತದೆಂದು ಬಾಯಿಬಿಟ್ಟು ಹೇಳಿದವು 4, ಆ ನಾಲ್ಕೂ ನಾವು ಹೋದ ಅಂಗಡಿಗಳಲ್ಲಿಲ್ಲ. ಉಳಿದ 19ರದು ವಿಚಿತ್ರ. ಅವು ಇಸಿಸಿ ಮೆಮೊರಿ ಹಾಕಬಹುದು ಅನ್ನುತ್ತವೆ. ಪುಟದ ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ, ಹಾಕಿದರೆ ಅದು ಮಾಮೂಲಿ ಮೆಮೊರಿಯ ಹಾಗೆ ಕೆಲಸ ಮಾಡುತ್ತದೆ ಅನ್ನುತ್ತವೆ. ಒಂಬತ್ತನೆಯವನು ಕೂತಿರುತ್ತಾನೆ, ಅವನ ಮಾತು ಕೇಳುವುದಿಲ್ಲ.

ತಾತನಿಗೆ ಇದು ತಕ್ಷಣ ಅರ್ಥವಾಯಿತು. "ನಮ್ಮ ಹಳೇ ಪಂಚಾಯ್ತೀಲಿ ಹಿಂಗೇ ಒಬ್ಬನಿದ್ದ. ಮೀಟಿಂಗಿಗೆ ಕರ್ಯೋರು, ಕುರ್ಚಿ ಹಾಕೋರು, ಕಾಫಿನೂ ಕೊಡೋರು. ಬಾಯಿ ಬಿಡಕ್ಕೆ ಮಾತ್ರ ಬಿಡ್ತಿರ್ಲಿಲ್ಲ."

ಡಿಸೆಂಬರ್ 21ರಂದು ನಾವೊಂದು ತಪ್ಪು ಮಾಡಿದೆವು. ತಾತನ ಪ್ರಕಾರ ತಪ್ಪು ಮಾಡಿದ್ದು ನಾನು ಮತ್ತು ನವೀನ. ಬಿ.ಟಿ.ಎಂ.ನಲ್ಲಿ ಹಳೆ ಸಾಮಾನು ಮಾರುವವರ ಹತ್ತಿರ ಇಸಿಸಿ ಮೆಮೊರಿ ಸಿಕ್ಕಿತು. "ಸರ್ವರ್‌ದು ಮಗಾ, ಸಖತ್" ಅಂದ ನವೀನ. ಬೋರ್ಡ್ ಆಮೇಲೆ ನೋಡೋಣವೆಂದು ತೆಗೆದುಕೊಂಡೆವು. ತಾತ ಎಣಿಸಿದ.

"ಹತ್ತು."

"ಒಂಬತ್ತು ಬೇಕಿತ್ತು ತಾತ, ಹತ್ತಿದ್ರೆ ಇನ್ನೂ ಒಳ್ಳೇದಲ್ವಾ?"

"ಒಂಬತ್ತು ಒಂದೇ ಅಳತೆ. ನಡೂ ಮಧ್ಯ ಇನ್ಯಾರೋ ಯಜಮಾನ ಕೂತವನೆ. ಸಾಕ್ಷಿ ಇರೋ ಕಡೆ ಯಜಮಾನ ಯಾಕೆ?"

ನಾವು ನಕ್ಕೆವು. ಗ್ಯಾರೇಜಿಗೆ ಹೋಗಿ ನವೀನನ ಬೋರ್ಡಿಗೆ ಹಾಕಿದೆವು. ಸರಿಯಾಗಿ ಕೂತಿತು, ಕ್ಲಿಕ್ ಎಂದಿತು. ಆನ್ ಮಾಡಿದರೆ ಮೂರು ಸಲ ಕೂಗಿ ಸುಮ್ಮನಾಯಿತು. ಆ ನಡುವಿನ ಚಿಪ್ ಸರ್ವರ್‌ಗಳಿಗೆ ಮಾತ್ರ ಬೇಕಾದ ಮಧ್ಯವರ್ತಿಯಂತೆ. ಅದಿರುವ ಮೆಮೊರಿಯನ್ನು ಡೆಸ್ಕ್‌ಟಾಪ್ ಬೋರ್ಡ್ ಜಾಗ ಕೊಟ್ಟರೂ ಮಾತಾಡಿಸುವುದಿಲ್ಲ. ನವೀನ ಅದನ್ನು ಅರ್ಧ ಗಂಟೆ ಹುಡುಕಿ ಓದಿ ತಿಳಿದುಕೊಂಡ. ತಾತ ಅಷ್ಟು ಹೊತ್ತೂ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು, ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದ.

ಅಲ್ಲಿಯವರೆಗೆ ನನಗೆ ಇದೆಲ್ಲ ತಮಾಷೆಯಾಗಿಯೇ ಇತ್ತು. ಡಿಸೆಂಬರ್ 29, ಭಾನುವಾರ, ಮಧ್ಯಾಹ್ನ ಒಂದೂಕಾಲಿಗೆ ತಾತನ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು. ಮನೆಯ ತುಂಬ ಸೊಗಡು. ಎರಡನೇ ತುತ್ತಿಗೆ ತಾತ ನಿಂತ.

"ಕಾಳು ಎಲ್ಲಿತ್ತು?"

"ಅಟ್ಟದ ಮೇಲೆ" ಅಂದಳು ಚಿಕ್ಕಜ್ಜಿ. "ಒಂದು ಹಿಡಿ ಕಡಿಮೆ ಬಿತ್ತು. ಅಲ್ಲೊಂದು ಪೊಟ್ಟಣ ಇತ್ತು, ಹಾಕ್ದೆ."

"ಅದು ಹೋದ ವಾರದ ಕೊಕ್ಕರೆ ಕಣೇ!"

ಚಿಕ್ಕಜ್ಜಿ ಸೌಟು ಕೆಳಗಿಡಲಿಲ್ಲ. "ಕೊಕ್ಕರೇನ ಅಡುಗೆಮನೇಲಿ ಯಾಕಿಟ್ರಿ?"

ನಾನು ನಕ್ಕು ನಕ್ಕು ನೀರು ಕುಡಿದೆ. ಆಮೇಲೆ, "ಹೋಗ್ಲಿ ಬಿಡು ತಾತ. ಎಷ್ಟಿತ್ತು ಅಂತ ನೆನಪಿದೆಯಲ್ಲ?" ಅಂದೆ.

ತಾತ ತಟ್ಟೆ ನೋಡಿದ. "ಹದಿನೇಳು" ಅಂದ. ಬೆರಳಿನಿಂದ ತಟ್ಟೆಯ ಕಾಳು ಸರಿಸಿ, "ಇಲ್ಲಾ ಹದಿನೆಂಟು."

ತಾತ ಒಂದು ಎಣಿಕೆಗೆ ಎರಡು ಉತ್ತರ ಕೊಟ್ಟದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ ಅನ್ನಿಸುತ್ತದೆ. ಊಟ ಮುಗಿಸಿ ಎಲ್ಲ ಪೊಟ್ಟಣಗಳನ್ನೂ ಅಟ್ಟದಿಂದಿಳಿಸಿ ತನ್ನ ಮಂಚದ ಕೆಳಗಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಉಳಿದದ್ದು ನಾಲ್ಕು ವಾರ. ಆ ಸಂಜೆಯೇ ನಾನು ಬನಶಂಕರಿಯ ಎರಡು ಅಂಗಡಿ ಮುಗಿಸಿದೆ.

ಜನವರಿ 4ರಂದು ಅಂಗಡಿ ನಂಬರ್ 23. ಬನಶಂಕರಿ ಎರಡನೇ ಸ್ಟೇಜಿನಲ್ಲಿ, ಮೆಟ್ಟಿಲ ಕೆಳಗಿನ ಪುಟ್ಟ ರಿಪೇರಿ ಅಂಗಡಿ. ಅಂಗಡಿಯ ವಯಸ್ಸಾದ ಮಾಲೀಕರು ನನ್ನ ಕಥೆಯನ್ನು ಪೂರ್ತಿ ಕೇಳಿ, ತಾತನನ್ನು ಒಮ್ಮೆ ನೋಡಿ, "ನನ್ನ ಹತ್ರ ಇಲ್ಲ" ಅಂದರು. ಐದನೇ ನೇರ ಉತ್ತರ. "ಆದ್ರೆ ಮೇಲ್ಗಡೆ ರಸ್ತೇಲಿ ವಸಂತಾ ಮೇಡಂ ಅಂತ ಇದಾರೆ, ಬಿಲ್ಡಿಂಗಿನ ಕಂಬ ತೊಲೆ ಲೆಕ್ಕ ಹಾಕೋ ಎಂಜಿನಿಯರ್. ಅವರ ಹಳೇ ಮೆಷಿನ್ ಮಾರಕ್ಕೆ ಅಂತ ನನಗೆ ಹೇಳಿ ಒಂದು ವರ್ಷ ಆಯ್ತು. ಕೇಳಿದವ್ರೆಲ್ಲ ಲೈಟ್ ಬರಲ್ವಾ ಅಂತಾರೆ. ಕಪ್ಪಗೆ ಕಬ್ಬಿಣದ ಪೆಟ್ಟಿಗೆ ಥರ ಇದೆ. ಯಾರಿಗೂ ಬೇಡ."

ವಸಂತಾ ಮೇಡಂ ಜನವರಿ 11ಕ್ಕೆ ಬರಹೇಳಿದರು. ಪೆಟ್ಟಿಗೆ ನಿಜಕ್ಕೂ ಕಪ್ಪಗಿತ್ತು. ತಿರುಪು ಬಿಚ್ಚಿದ ಕೂಡಲೇ ತಾತ ಕನ್ನಡಕ ಏರಿಸಿಕೊಂಡು ಬಗ್ಗಿದ. ಕಿರುಬೆರಳು ಒಂದೊಂದೇ ಚಿಪ್ ಮುಟ್ಟಿತು.

"ಒಂಬತ್ತು" ಅಂದ. ಹಿಂದಕ್ಕೆ ಎಣಿಸಿದ. "ಒಂಬತ್ತೇ. ಯಜಮಾನ ಇಲ್ಲ."

"ಏನು ಎಣಿಸ್ತಿದಾರೆ?" ಎಂದು ಮೇಡಂ ನನ್ನನ್ನು ಕೇಳಿದರು. ಹೇಳಿದೆ. ಅವರು ನಗಲಿಲ್ಲ. "ಕರೆಕ್ಟಾಗಿ ಕೇಳ್ತಿದಾರೆ. ತೊಲೆ ಲೆಕ್ಕದಲ್ಲಿ ಒಂದು ಒಂಬತ್ತಾದ್ರೆ ಮನೆ ನಿಲ್ಲಲ್ಲ. ಅದಕ್ಕೇ ನಾನು ತಗೊಂಡಿದ್ದು" ಅಂದರು. ಬೋರ್ಡಿನ ಕೈಪಿಡಿ ತೆಗೆದು ತೋರಿಸಿದರು. ಪುಟದ ಅಡಿಯಲ್ಲಿ ಇರುವೆ ಅಕ್ಷರ ಇರಲಿಲ್ಲ.

ಪೆಟ್ಟಿಗೆ ಕೊಂಡು ತಾತನ ಮನೆಗೆ ತಂದೆವು. ನವೀನ ಬಂದು ಕೂತು, ಬೋರ್ಡ್ ಒಂಬತ್ತನೆಯವನ ಮಾತು ಕೇಳುತ್ತಿದೆಯೇ ಎಂದು ನೋಡಿದ. ಕೇಳುತ್ತಿತ್ತು. ತಿದ್ದಿದ ತಪ್ಪುಗಳ ಲೆಕ್ಕವನ್ನು ಅದು ತಾನೇ ಇಟ್ಟುಕೊಳ್ಳುತ್ತದೆ, ತೆರೆಯ ಮೇಲೆ ತೋರಿಸುತ್ತದೆ. ಅಲ್ಲಿ ಸೊನ್ನೆ ಇತ್ತು. ಒಂದು ದಿನ ಬಿಟ್ಟು ನೋಡಿದರೂ ಸೊನ್ನೆ. ವಾರ ಬಿಟ್ಟು ನೋಡಿದರೂ ಸೊನ್ನೆ.

ನಾನು ಗೆದ್ದೆನೆಂದುಕೊಂಡೆ. ತಾತ ಒಪ್ಪಲಿಲ್ಲ. "ಸೊನ್ನೆ ಅಂದ್ರೆ ತಪ್ಪೇ ಆಗಿಲ್ವಾ, ಇಲ್ಲಾ ಇವನು ಮಲಗಿದಾನಾ?"

ನವೀನ ನನ್ನ ಕಿವಿಯಲ್ಲಿ, "ಮಗಾ, ಇದಕ್ಕೆ ಉತ್ತರ ಇಲ್ಲ. ನಿಮ್ ತಾತಂಗೆ ಎಂಜಿನಿಯರಿಂಗ್ ಸೀಟ್ ಕೊಡ್ಸು" ಅಂದ.

ಎಬ್ಬಿಸಿ ನೋಡುವುದೆಂದಾಯಿತು. ಜನವರಿ 19, ಭಾನುವಾರ, ಮಧ್ಯಾಹ್ನ ಮೂರು. ಮೆಮೊರಿ ಕಾದರೆ ತಪ್ಪು ಮಾಡುತ್ತದೆಂದು ನವೀನ ಎಲ್ಲೋ ಓದಿದ್ದ. ಪೆಟ್ಟಿಗೆಯ ಬಾಗಿಲು ತೆಗೆದು, ಪರೀಕ್ಷೆ ಹಚ್ಚಿ, ನನ್ನ ಕೂದಲು ಒಣಗಿಸುವ ಯಂತ್ರದಿಂದ ಒಂದು ಮೆಮೊರಿಗೆ ಬಿಸಿ ಗಾಳಿ ಹಿಡಿದ. ತಾತ ಗಡಿಯಾರ ನೋಡುತ್ತ ಕೂತ. ಚಿಕ್ಕಜ್ಜಿ ಬಾಗಿಲಲ್ಲಿ ನಿಂತು, "ಅದಕ್ಕೂ ಚಳಿನಾ?" ಅಂದಳು. ಹದಿನೇಳನೇ ನಿಮಿಷಕ್ಕೆ ಸೊನ್ನೆ ಹೋಗಿ ಒಂದು ಬಂತು. ತಪ್ಪು ಒಂದು, ತಿದ್ದಿದ್ದು ಒಂದು. ಪಟ್ಟಿಯಲ್ಲಿ ಏನೂ ಕೆಟ್ಟಿರಲಿಲ್ಲ.

"ನಿಲ್ಸು, ನಿಲ್ಸು, ಪಾಪ" ಅಂದ ತಾತ. "ಎಚ್ಚರ ಇದಾನೆ."

ಜನವರಿ 25, ಶನಿವಾರ, ಮಧ್ಯಾಹ್ನ ಎರಡು. ತಾತನ ಜಗಲಿಯಲ್ಲಿ ಕಪ್ಪು ಪೆಟ್ಟಿಗೆ, ಪಕ್ಕದಲ್ಲಿ ಟ್ರಂಕು. ಪ್ರಭಾಕರ್ ಅಂಕಲ್ ಕುರ್ಚಿ ಹಾಕಿಕೊಂಡು ಕೂತಿದ್ದರು. ತಾತ ಒಂದೊಂದು ಪೊಟ್ಟಣ ಬಿಚ್ಚಿ ಎಣಿಸಿ ಹೇಳಿದ, ನಾನು ಹಾಕಿ ಓದಿ ಹೇಳಿದೆ, ಅವನು "ಹೂಂ" ಅಂದ. ಎಂಟು ಭಾನುವಾರ, ಆರು ಹಕ್ಕಿ. ಡಿಸೆಂಬರ್ 22ರ ಕೊಕ್ಕರೆಯ ಜಾಗಕ್ಕೆ ಬಂದಾಗ "ಖಾಲಿ ಬಿಡು" ಅಂದ.

ಎಲ್ಲ ಮುಗಿದ ಮೇಲೆ ಅಂಕಲ್ ಹಳೆಯ ಪಟ್ಟಿ ತೆಗೆದರು. "ಹೊಸದು ಒಪ್ಪಿದೆ. ಹಳೇದ್ರಲ್ಲಿ ಹೆಜ್ಜಾರ್ಲೆ ಒಂದೂಂತ ಫೋಟೋನೇ ಇದೆ, ಅದೂ ಸರಿ. ಆದ್ರೆ ಉಳಿದ ಒಂಬತ್ತುಗಳು?"

ನನಗೆ ಹೊಳೆದೇ ಇರಲಿಲ್ಲ. ಆ ಕೆಟ್ಟ ದೀಪ ಬೇರೆ ಅಂಕಿಗಳನ್ನು ಮುಟ್ಟಿದರೆ ಅವು ಅರ್ಥವಿಲ್ಲದ ಗುರುತುಗಳಾಗುತ್ತವೆ, ಕಣ್ಣಿಗೆ ಬೀಳುತ್ತವೆ. 1 ಮಾತ್ರ 9 ಆಗುತ್ತದೆ, 0 ಮಾತ್ರ 8 ಆಗುತ್ತದೆ, ಮರ್ಯಾದಸ್ಥರ ಹಾಗೆ ಕೂತಿರುತ್ತವೆ. ಕೂತು ಎಣಿಸಿದೆ. ಆ ಹೆಜ್ಜಾರ್ಲೆಯನ್ನು ಬಿಟ್ಟು, ಹಳೆಯ ಪಟ್ಟಿಯಲ್ಲಿ 8 ಅಥವಾ 9 ಇರುವ ಮನೆಗಳು, ಅಂದರೆ ಚೌಕಗಳು, 41.

ನವೀನ ಫೋನಿನಲ್ಲಿ, "ನಲವತ್ತೊಂದೂ ತಪ್ಪಿರಲ್ಲ, ಹೆಚ್ಚೆಂದ್ರೆ ಒಂದೋ ಎರಡೋ" ಅಂದ.

"ಯಾವ ಒಂದು ಅಂತ ಹೇಳ್ತಾನಾ ಕೇಳು" ಅಂದ ತಾತ.

ಅಷ್ಟು ಅವನಿಗೂ ಗೊತ್ತಿರಲಿಲ್ಲ. ನಾನು ಒಂದೊಂದಾಗಿ ಓದಿದೆ. ಮಾರ್ಚಿನ ನೀರುಕಾಗೆ ಹತ್ತೊಂಬತ್ತು, ನೆನಪಿದೆಯಾ? ಜೂನಿನ ಬೆಳ್ಳಕ್ಕಿ ಇಪ್ಪತ್ತೆಂಟು? ಇದೆ ಅಂದರೆ ಸಾಕಿತ್ತು. ಯಾರೂ ಎದುರು ಹೇಳುತ್ತಿರಲಿಲ್ಲ. ತಾತ ಪ್ರತಿ ಸಲವೂ ಎಡಗೈಯಿಂದ ಎಡ ಜೇಬು ಮುಟ್ಟಿ, ಬಲ ಜೇಬು ಮುಟ್ಟಿ, ತಲೆ ಅಲ್ಲಾಡಿಸಿದ. ಹತ್ತನೆಯದಕ್ಕೆ ಬರುವ ಹೊತ್ತಿಗೆ ಕೈಯೆತ್ತಿ ನಿಲ್ಲಿಸಿದ.

"ಹೊಡೆದುಹಾಕು. ಎಲ್ಲಾನೂ."

"ಬೇಡ ತಾತ. ನಲವತ್ತು ಸರಿ ಇರ್ಬೋದು."

"ಇರ್ಬೋದು ಅಂತ ಬರೆಯೋಕೆ ನಾನ್ಯಾಕೆ ಎರಡು ಸುತ್ತು ಹಾಕ್ಲಿ?"

ಪ್ರಭಾಕರ್ ಅಂಕಲ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಜೀವಮಾನ ಎಲ್ಲ ಆಡಿಟ್ ಮಾಡ್ದೆ ಗಂಗಪ್ಪನವರೇ. ಹೊಡೆದುಹಾಕಿ ಅಂತ ನಾನು ಹೇಳ್ಬೇಕಾಗ್ತಿತ್ತು. ತಾವಾಗೇ ಹೇಳಿದವ್ರು ನೀವೇ ಮೊದಲು" ಅಂದರು.

ಮರುದಿನ ಬೆಳಿಗ್ಗೆ 8.50ಕ್ಕೆ ಫಲಕ ನಿಂತಿತು. ಹಸಿರು ಬಣ್ಣ, ಬಿಳಿ ಅಕ್ಷರ. ಕೆಳಗೆ 'ಎಣಿಸಿದವರು: ಪುಟ್ಟೇನಹಳ್ಳಿ ಗಂಗಪ್ಪ'. ಖಾಲಿ ಮನೆಗಳು 42. ವಾಕಿಂಗ್ ಬಂದವರು ನಿಂತು ಹೆಸರು ಓದಲಿಲ್ಲ, ಆ ಖಾಲಿ ಮನೆಗಳನ್ನೇ ಕೇಳಿದರು: ಅವತ್ತು ಹಕ್ಕಿ ಬರಲಿಲ್ವಾ? ತಾತ ಫಲಕದ ಪಕ್ಕದಲ್ಲೇ ನಿಂತು ಪ್ರತಿಯೊಬ್ಬರಿಗೂ ಹೇಳಿದ, "ಬಂದಿತ್ತು. ಎಷ್ಟು ಅಂತ ಗೊತ್ತಿಲ್ಲ." ಅಷ್ಟು ಹೆಮ್ಮೆಯಿಂದ 'ಗೊತ್ತಿಲ್ಲ' ಅಂದವರನ್ನು ನಾನು ಬೇರೆ ನೋಡಿಲ್ಲ.

ಒಂದು ವರ್ಷವಾಗುತ್ತ ಬಂತು. ಖಾಲಿ ಮನೆ ಈಗ 38. ನಾಲ್ಕು ತುಂಬಿದ್ದು ಕ್ಯಾಮೆರಾದವರ ಹಳೆಯ ಫೋಟೋಗಳಿಂದ. ಮೂರು ಇದ್ದದ್ದೇ ಸರಿಯಿತ್ತು, ಒಂದು 8 ನಿಜಕ್ಕೂ ಸೊನ್ನೆ. ಕಪ್ಪು ಪೆಟ್ಟಿಗೆಗೂ ವಯಸ್ಸಾಗುತ್ತಿದೆ. ಒಂಬತ್ತನೆಯವನ ಮಾತು ನಿಜವಾಗಿ ಕೇಳುವ ಹೊಸ ಡೆಸ್ಕ್‌ಟಾಪ್ ಬೋರ್ಡನ್ನು ಯಾರಾದರೂ ದಕ್ಷಿಣ ಬೆಂಗಳೂರಿನ ಅಂಗಡಿಯಲ್ಲಿ ಕಣ್ಣಾರೆ ಕಂಡಿದ್ದರೆ ದಯವಿಟ್ಟು ತಿಳಿಸಿ. ಹಾಗೆಯೇ ಆ ವರ್ಷದ ಫೆಬ್ರುವರಿಯಿಂದ ನವೆಂಬರ್‌ವರೆಗಿನ ಯಾವುದಾದರೂ ಭಾನುವಾರ ಬೆಳಿಗ್ಗೆ ನೀವು ಪುಟ್ಟೇನಹಳ್ಳಿ ಕೆರೆಯ ಬಳಿ ಇದ್ದು, ಫೋಟೋ ತೆಗೆದಿದ್ದರೆ, ಇಲ್ಲವೇ ಸುಮ್ಮನೆ ಎಣಿಸಿ ಎಲ್ಲಾದರೂ ಗೀಚಿಟ್ಟಿದ್ದರೆ, ತಾರೀಕು ಹಾಕಿ ಬರೆಯಿರಿ. 'ಸುಮಾರು' ಎಂದಿದ್ದರೆ ಕಳಿಸಬೇಡಿ, ತಾತ ಒಪ್ಪುವುದಿಲ್ಲ.